ಮೃಗಶಿರಾ ಬರುವ ಮೊದಲು ಬುಲೆಟ್ ಒಳಗೆ

ಬೆಳಗಾವಿಯಲ್ಲಿ ಹಳೆಯ ಬುಲೆಟ್ ಬೈಕ್ ಇಟ್ಟುಕೊಂಡವರಿಗೆ ವರ್ಷಕ್ಕೆ ಎಂಟೇ ತಿಂಗಳು. ಜೂನ್ ಮೊದಲ ವಾರ ಕಳೆದು ಮೃಗಶಿರಾ ಮಳೆ ಹಿಡಿಯಿತೆಂದರೆ ಮುಗಿಯಿತು. ಆರಿದ್ರಾ, ಪುನರ್ವಸು, ಪುಷ್ಯ ಅಂತ ಒಂದರ ಬೆನ್ನಿಗೊಂದು ಬರುತ್ತಲೇ ಇರುತ್ತವೆ. ಜೋರಾಗಿ ಸುರಿದು ನಿಂತುಹೋಗುವ ಮಳೆಯಾದರೆ ಪರವಾಗಿಲ್ಲ. ನಮ್ಮದು ಜಿಟಿಜಿಟಿ ಮಳೆ. ಒಂದು ಕಡೆ ಸಹ್ಯಾದ್ರಿ, ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಜುಲೈ ತಿಂಗಳಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಹಗ್ಗದ ಮೇಲೆ ಹಾಕಿದ ಬನಿಯನ್ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ. ಇನ್ನು ಕಬ್ಬಿಣದ ಗಾಡಿಯ ಗತಿ ಏನು?

ನಮ್ಮ ಮನೆಯಲ್ಲಿರುವುದು 1998ರ ಸ್ಟ್ಯಾಂಡರ್ಡ್ 350. ಅಪ್ಪ ಕೊಂಡದ್ದು. ಬೀಡುಕಬ್ಬಿಣದ ಎಂಜಿನ್, ಪಾಯಿಂಟ್ ಇಗ್ನಿಷನ್, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಹೆಡ್‌ಲೈಟ್ ಮೇಲೆ ಪುಟ್ಟ ಆಂಪಿಯರ್ ಮೀಟರ್. ಮಳೆಗಾಲದಲ್ಲಿ ನಾನು ಉದ್ಯಮಬಾಗದ ಕೆಲಸಕ್ಕೆ ಸ್ಕೂಟರ್ ಮೇಲೆ ಹೋಗುತ್ತೇನೆ. ಬುಲೆಟ್ ಹಿತ್ತಲ ಪತ್ರಾಸ್ ಶೆಡ್ಡಿನಲ್ಲಿ ನಿಲ್ಲುತ್ತದೆ. ಮೊದಲೆಲ್ಲ ಅಪ್ಪ ಅದಕ್ಕೊಂದು ತಾಡಪತ್ರಿ ಹೊದಿಸಿ ಸುತ್ತ ಹಗ್ಗ ಬಿಗಿಯುತ್ತಿದ್ದರು. ರವಿವಾರ ಬಂತೆಂದರೆ ಹಗ್ಗ ಬಿಚ್ಚಿ, ಕಿಕ್ ಹೊಡೆದು, ಐದು ನಿಮಿಷ ಡಬ್‌ಡಬ್ ಅನ್ನಿಸಿ, ಮತ್ತೆ ಹೊದಿಸಿ ಬರುತ್ತಿದ್ದರು. ಇಷ್ಟು ಕಾಳಜಿ ಮಾಡಿದರೂ ದಸರೆಗೆ ಹೊರಗೆ ತೆಗೆದಾಗ ರಿಮ್ ಮೇಲೆ ತುಕ್ಕಿನ ಚುಕ್ಕಿ, ಸೈಲೆನ್ಸರ್ ಅಲುಗಿಸಿದರೆ ಒಳಗೆ ಹಕ್ಕಳೆ ಉದುರುವ ಸದ್ದು, ಕಾರ್ಬುರೇಟರ್ ಕಟ್ಟಿಕೊಂಡಿರುವುದು. ಬ್ಯಾಟರಿಯಂತೂ ಎರಡು ವರ್ಷಕ್ಕೊಮ್ಮೆ ಹೊಸದು. ಮಳೆಗಾಲ ಅಂದರೆ ಹಾಗೇ ಅಂತ ಎಲ್ಲರೂ ಸುಮ್ಮನಿದ್ದೆವು.

ನಮ್ಮ ಕಾಕಾನ ಮಗ ಕೆನಡಾದ ಎಡ್ಮಂಟನ್‌ನಲ್ಲಿದ್ದಾನೆ. ಅವನಿಗೂ ಬೈಕ್ ಹುಚ್ಚು. ಅಲ್ಲಿ ಬೈಕ್ ಅಕ್ಟೋಬರ್‌ನಲ್ಲಿ ಒಳಗೆ ಹೋದರೆ ಹೊರಗೆ ಬರುವುದು ಏಪ್ರಿಲ್‌ಗೆ. ಚಳಿ ಮೈನಸ್ 30ರವರೆಗೆ ಇಳಿಯುತ್ತದಂತೆ. ಅಷ್ಟು ತಿಂಗಳು ನಿಂತ ಗಾಡಿ ಏಪ್ರಿಲ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಶುರುವಾಗುತ್ತದೆ ಅಂದ. ಅದಕ್ಕಿಂತ ಕಡಿಮೆ ದಿನ ನಿಂತ ನಮ್ಮದು ಯಾಕೆ ಆಗುವುದಿಲ್ಲ ಅಂತ ಕೇಳಿದೆ. "ಅಣ್ಣಾ, ನೀವು ಗಾಡಿ ನಿಲ್ಲಸ್ತೀರಿ. ನಾವು ಮಲಗಸ್ತೀವಿ. ಅದಕ್ಕ ಒಂದಿನ ಕೆಲಸ ಐತಿ," ಅಂದ. ವಾಟ್ಸಾಪ್ ಕಾಲ್‌ನಲ್ಲಿ ಕೂತು ಒಂದೊಂದಾಗಿ ಹೇಳಿದ. ನಾನು ಫ್ಯಾಕ್ಟರಿಯ ಡೈರಿಯಲ್ಲಿ ಬರೆದುಕೊಂಡೆ.

ಅವನು ಹೇಳಿದ್ದೆಲ್ಲ ನಮಗೆ ಬೇಕಾಗುವುದಿಲ್ಲ. ಅವನ ಗಾಡಿಗೆ ರೇಡಿಯೇಟರ್ ಇದೆ. ಅದರಲ್ಲಿ ಬರೀ ನೀರಿದ್ದರೆ ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಎಂಜಿನ್ನೇ ಸೀಳಬಹುದು. ಅದಕ್ಕೆ ಗ್ಲೈಕಾಲ್ ಮತ್ತು ನೀರು ಸಮಸಮ ಬೆರೆಸಿದ ಕೂಲಂಟ್ ಹಾಕುತ್ತಾರೆ. ಅದು ಮೈನಸ್ 35ರ ಆಚೆಗೂ ತಡೆಯುತ್ತದೆ. ಬುಲೆಟ್ ಗಾಳಿಯಿಂದ ತಣ್ಣಗಾಗುವ ಎಂಜಿನ್, ಆ ಚಿಂತೆ ಇಲ್ಲ. ಹಿಮ ಕರಗಲಿ ಅಂತ ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪನ್ನು ತೊಳೆಯುವುದೇ ಅವನಿಗೆ ದೊಡ್ಡ ಕೆಲಸ. ನಮಗೆ ಅದೂ ಇಲ್ಲ. ಆದರೆ ಅಲ್ಲಿನ ಚಳಿಗಾಲದ ಗಾಳಿ ಒಣಗಾಳಿ. ಗ್ಯಾರೇಜಿನಲ್ಲಿ ನಿಂತ ಕಬ್ಬಿಣ ಹಾಗೇ ಇರುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ತೇವ ಬಿಡುವುದೇ ಇಲ್ಲ. ಈ ವಿಷಯದಲ್ಲಿ ಅವನಿಗಿಂತ ನಮ್ಮ ಕಷ್ಟ ಜಾಸ್ತಿ.

ವಿಜಯಪುರದಲ್ಲಿ ಅಕ್ಕನ ಮನೆ ಇದೆ. ಭಾವನಿಗೆ ಈ ಸುದ್ದಿ ಮುಟ್ಟಿತು. "ಇಷ್ಟ್ಯಾಕ ತಲಿ ಕೆಡಿಸ್ಕೋತಿ? ಗಾಡಿ ಇಲ್ಲಿ ತಂದು ನಿಲ್ಲಸು. ಮಳಿ ಎಲ್ಲೈತಿ ನಮಗ?" ಅಂದರು. ಮಾತು ಖರೇನೇ. ಆದರೆ ಅಲ್ಲಿ ಬಿಸಿಲಿಗೆ ಟೈರು, ಸೀಟು ಸೀಳುತ್ತವೆ. ಮೇಲಾಗಿ ಭಾವನ ಕೈಗೆ ಬುಲೆಟ್ ಕೀ ಕೊಟ್ಟರೆ ಅದು ನಿಂತಿರುತ್ತದೆ ಅನ್ನುವ ಭರವಸೆ ನನಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಅಪ್ಪನನ್ನು ಒಪ್ಪಿಸುವುದಾಗಿತ್ತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದು ಬೇಡ, ದಸರೆಯವರೆಗೆ ಮುಟ್ಟುವುದೇ ಬೇಡ ಅಂದೆ. ಅಪ್ಪ ನನ್ನ ಮುಖ ನೋಡಿದರು. "ನಿಂತ ಎಂಜಿನ್ ಜಾಮ್ ಆಗ್ತದ. ಇದು ಸಣ್ಣ ಹುಡುಗರಿಗೂ ಗೊತ್ತೈತಿ," ಅಂದರು. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು.

ಲೆಕ್ಕ ಹೀಗಿದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿದರೆ ನೀರೇ ಆಗಬೇಕಲ್ಲ. ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿದರೆ ಎಂಜಿನ್, ಸೈಲೆನ್ಸರ್ ಎರಡೂ ಕಾದು ಆ ಆವಿ ಹೊರಗೆ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಸೈಲೆನ್ಸರಿನ ತುದಿ ಬೆಚ್ಚಗೂ ಆಗುವುದಿಲ್ಲ. ಆವಿ ಅಲ್ಲೇ ನೀರಾಗಿ ಕೂರುತ್ತದೆ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಇತ್ತ ಬ್ಯಾಟರಿಗೂ ಲಾಭವಿಲ್ಲ, ಅಷ್ಟು ಹೊತ್ತಿನಲ್ಲಿ ಅದು ಎಷ್ಟು ಚಾರ್ಜ್ ಆದೀತು? ಅಂದರೆ ಪ್ರತಿ ರವಿವಾರ ನಾವು ಎಂಜಿನ್ನಿಗೆ ನೀರು ಕುಡಿಸಿ ಬರುತ್ತಿದ್ದೆವು.

ಬಾಯಿಮಾತಿಗೆ ಅಪ್ಪ ಒಪ್ಪುವವರಲ್ಲ. ಬೆಳಿಗ್ಗೆ ತಣ್ಣಗಿದ್ದ ಗಾಡಿ ಶುರುಮಾಡಿ ಸೈಲೆನ್ಸರ್ ಬಾಯಿಗೆ ಒಂದು ಸ್ಟೀಲ್ ತಟ್ಟೆ ಹಿಡಿದೆ. ಸ್ವಲ್ಪ ಹೊತ್ತಿಗೆ ತಟ್ಟೆ ಮೇಲೆ ಕರಿ ಹನಿಗಳು ಇಳಿಯತೊಡಗಿದವು. ಅಪ್ಪ ಬೆರಳು ಅದ್ದಿ ಮೂಸಿ ನೋಡಿದರು. ಏನೂ ಹೇಳಲಿಲ್ಲ. ಸಂಜೆ ಚಹಾ ಕುಡಿಯುವಾಗ "ಹಂಗಾದ್ರ ಬ್ಯಾಟರಿ ಕೆಲಸ ನನಗ ಬಿಡು," ಅಂದರು. ರವಿವಾರಕ್ಕೆ ಅವರಿಗೆ ಒಂದು ಕೆಲಸ ಬೇಕಿತ್ತು. ತಟ್ಟೆ ಹಾಳು ಮಾಡಿದ್ದಕ್ಕೆ ಅವ್ವನ ಕೈಯಲ್ಲಿ ಬೈಸಿಕೊಂಡದ್ದು ನಾನು.

ರೋಹಿಣಿ ಮಳೆ ಒಂದೆರಡು ಸಲ ಹನಿಸಿ ಬಿಸಿಲು ಬಿದ್ದ ದಿನ ಕೆಲಸ ಶುರುಮಾಡಿದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಇಲ್ಲಿ ಮುಖ್ಯ. ಮೊದಲು ತೊಳೆದೆ. ಮಡ್‌ಗಾರ್ಡ್ ಒಳಗೆ, ಎಂಜಿನ್ನಿನ ಫಿನ್‌ಗಳ ನಡುವೆ ಕೂತ ಮಣ್ಣನ್ನು ಬ್ರಷ್ ಹಾಕಿ ತೆಗೆದೆ. ಮಣ್ಣು ತೇವ ಹಿಡಿದುಕೊಳ್ಳುತ್ತದೆ, ಅದರ ಕೆಳಗೇ ತುಕ್ಕು ಶುರುವಾಗುವುದು. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಖಾನಾಪುರ ರಸ್ತೆಯಲ್ಲಿ ದೂರದವರೆಗೆ ಒಂದು ರೌಂಡ್ ಹೊಡೆದು ಬಂದೆ. ಗಾಳಿಗೆ ಸಂದುಗೊಂದಿನ ನೀರೆಲ್ಲ ಹಾರಿತು. ಸೈಲೆನ್ಸರ್ ಪೂರ್ತಿ ಕಾಯಿತು, ಆಯಿಲ್ ಬಿಸಿಯಾಯಿತು.

ಆ ಬಿಸಿಯಲ್ಲೇ ಆಯಿಲ್ ಬದಲಿಸಬೇಕು. ಎಲ್ಲರೂ ಹೇಳುವುದು ದಸರೆಗೆ ಗಾಡಿ ತೆಗೆದಾಗ ಹೊಸ ಆಯಿಲ್ ಹಾಕು ಅಂತ. ಅದು ತಿರುಗಾಮುರುಗಾ. ಓಡಿದ ಆಯಿಲ್‌ನಲ್ಲಿ ಸುಟ್ಟ ಪೆಟ್ರೋಲ್‌ನ ಆಸಿಡ್ಡು, ತೇವ ಎರಡೂ ಇರುತ್ತವೆ. ನಾಲ್ಕು ತಿಂಗಳು ಬೇರಿಂಗ್‌ಗಳು ಅದರಲ್ಲೇ ಕೂರಬೇಕು. ಹಾಗಾಗಿ ಹಳೆಯದನ್ನು ಇಳಿಸಿ ಹೊಸ 20ಡಬ್ಲ್ಯೂ50 ತುಂಬಿದೆ. ಆಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಎಂಜಿನ್ ಶುರುಮಾಡಿದೆ. ಹೊಸ ಆಯಿಲ್ ಎಲ್ಲ ಕಡೆ ಸುತ್ತಿತು. ಕಾರ್ಬುರೇಟರಿನಲ್ಲಿ ಉಳಿದಿದ್ದ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಂತಿತು. ಆದರೂ ಕಾರ್ಬುರೇಟರಿನ ಬಟ್ಟಲಲ್ಲಿ ತಳಕ್ಕೆ ಸ್ವಲ್ಪ ಉಳಿಯುತ್ತದೆ. ಬಟ್ಟಲು ಬಿಚ್ಚಿ ಅದನ್ನೂ ಒರೆಸಿದೆ. ಆ ಚೂರು ಪೆಟ್ರೋಲ್ ಒಣಗಿ ಅಂಟಾಗಿ, ಪೆಟ್ರೋಲ್ ಹರಿಯುವ ಪೈಲಟ್ ಜೆಟ್ಟಿನ ತೂತು ಮುಚ್ಚುತ್ತದೆ. ಕೂದಲಿನಷ್ಟು ತೂತು ಅದು. ಪ್ರತಿ ದಸರೆಗೆ ಗಾಡಿ ರಿಪೇರಿಯ ಮಿಸ್ತ್ರಿ ಕಾಕಾ ಊದಿ ಊದಿ ತೆಗೆಯುತ್ತಿದ್ದದ್ದು ಇದನ್ನೇ. ಇಂಜೆಕ್ಷನ್ ಇರುವ ಹೊಸ ಗಾಡಿಗಳಿಗೆ ಹೀಗೆ ಪೆಟ್ರೋಲ್ ಮುಗಿಸಬಾರದು. ಅವುಗಳ ಪಂಪ್ ತಣ್ಣಗಿರುವುದು ಪೆಟ್ರೋಲ್‌ನಲ್ಲಿ ಮುಳುಗಿರುವುದರಿಂದ. ಬರಿದಾಗಿ ತಿರುಗಿದರೆ ಪಂಪೇ ಹಾಳು.

ಟ್ಯಾಂಕ್ ವಿಷಯಕ್ಕೆ ಕೆನಡಾದ ತಮ್ಮನಿಗೂ ಮಿಸ್ತ್ರಿ ಕಾಕಾನಿಗೂ ತಾಳಮೇಳವಿಲ್ಲ. ತಮ್ಮ ಹೇಳಿದ್ದು: ಟ್ಯಾಂಕ್ ಬಾಯಿತನಕ ತುಂಬಿಸು, ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಜರ್ ಹಾಕು. ಖಾಲಿ ಜಾಗವಿದ್ದರೆ ಗಾಳಿ ಇರುತ್ತದೆ, ಗಾಳಿ ಇದ್ದರೆ ತೇವ, ತೇವ ಇದ್ದರೆ ತುಕ್ಕು. ಮಿಸ್ತ್ರಿ ಕಾಕಾ ಹೇಳಿದ್ದು: ಒಂದು ಹನಿ ಬಿಡಬೇಡ, ಪೂರ್ತಿ ಖಾಲಿ ಮಾಡು. "ಈಗಿನ ಪೆಟ್ರೋಲ್ ಪೆಟ್ರೋಲ್ ಅಲ್ಲಪಾ, ಅರ್ಧಾ ಕಬ್ಬಿನ ಹಾಲು," ಅಂದರು.

ಅರ್ಧ ಅಲ್ಲ, ಈಗ ಶೇಕಡಾ 20ರಷ್ಟು ಎಥೆನಾಲ್. ಅದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ. ಅಥಣಿ, ರಾಯಬಾಗ, ಗೋಕಾಕ, ಹುಕ್ಕೇರಿ ಕಡೆ ಕಬ್ಬು ಬೆಳೆಯುವವರೆಲ್ಲ ನಮ್ಮ ಸಂಬಂಧಿಕರೇ. ಕಬ್ಬಿನ ರಸ, ಕಾಕಂಬಿ ಎರಡರಿಂದಲೂ ಎಥೆನಾಲ್ ತೆಗೆಯುತ್ತಾರೆ. ಕಬ್ಬಿಗೆ ರೇಟ್ ಬರಲಿ ಅಂತ ನಾನೂ ಬಯಸುವವನೇ, ಎಥೆನಾಲ್ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದಕ್ಕೊಂದು ಗುಣವಿದೆ, ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ದಿನಾ ಓಡುವ ಗಾಡಿಯಲ್ಲಿ ಇದರಿಂದ ಏನೂ ಆಗುವುದಿಲ್ಲ, ಪೆಟ್ರೋಲ್ ಬರುತ್ತಾ ಹೋಗುತ್ತಾ ಇರುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರಿನ ಅಂಶ ಹೆಚ್ಚುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು, ಎಥೆನಾಲ್ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದು ತಳದಲ್ಲೇ. ಹಳೆಯ ಬುಲೆಟ್ಟಿನ ಮುಚ್ಚಳದಲ್ಲಿ ಗಾಳಿ ಆಡಲು ತೂತು ಬೇರೆ ಇದೆ. ಹಗಲು ಬೆಚ್ಚಗಾದಾಗ ಗಾಳಿ ಹೊರಗೆ, ರಾತ್ರಿ ತಣ್ಣಗಾದಾಗ ತೇವದ ಗಾಳಿ ಒಳಗೆ.

ನಾನು ಮಿಸ್ತ್ರಿ ಕಾಕಾನ ಮಾತು ಹಿಡಿದೆ. ಎಡ್ಮಂಟನ್‌ನಲ್ಲಿ ಟ್ಯಾಂಕ್ ತುಂಬಿಸುವುದೇ ಸರಿ ಇರಬಹುದು. ಅಲ್ಲಿ ಸ್ಟೆಬಿಲೈಜರ್ ಅಂಗಡಿಯಲ್ಲೇ ಸಿಗುತ್ತದೆ, ಗಾಳಿಯೂ ಒಣ. ಇಲ್ಲಿ ಅದನ್ನು ಆನ್‌ಲೈನ್ ತರಿಸಬೇಕು. ಇನ್ನೊಂದು ಕಾರಣವನ್ನು ತಮ್ಮನಿಗೆ ಹೇಳಲಿಲ್ಲ: ಶೆಡ್ಡಿನ ಆಚೆ ಗೋಡೆಗೆ ನಮ್ಮ ಬಚ್ಚಲ ಒಲೆ ಇದೆ. ಹದಿನಾಲ್ಕು ಲೀಟರ್ ಪೆಟ್ರೋಲ್ ನಾಲ್ಕು ತಿಂಗಳು ಅಲ್ಲಿಡಲು ನನಗೆ ಮನಸ್ಸಿಲ್ಲ. ಅಂಗಳದಲ್ಲಿ, ಬಯಲಲ್ಲಿ ನಿಂತು ಕ್ಯಾನಿಗೆ ಇಳಿಸಿ ಸ್ಕೂಟರಿಗೆ ಹಾಕಿದೆ. ಟ್ಯಾಂಕ್ ಬಿಚ್ಚಿ ಬೋರಲು ಹಾಕಿ ಪೂರ್ತಿ ಆರಲು ಬಿಟ್ಟೆ. ಆಮೇಲೆ ಒಳಗೆ ಒಂದು ಲೋಟ 2ಟಿ (ಟೂ-ಸ್ಟ್ರೋಕ್ ಗಾಡಿಯ) ಆಯಿಲ್ ಸುರಿದು, ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ಹೊರಳಿಸಿ, ಗೋಡೆಗೆಲ್ಲ ಹತ್ತುವಂತೆ ಮಾಡಿದೆ. ಉಳಿದದ್ದನ್ನು ಬಸಿದೆ. ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿದೆ. ಟ್ಯಾಂಕನ್ನು ಗಾಡಿಗೆ ಕೂರಿಸದೆ ಮನೆಯೊಳಗೆ ಅಟ್ಟದ ಮೇಲೆ ಇಟ್ಟೆ.

ಸಿಲಿಂಡರ್ ಕೆಲಸ ನನಗೆ ಬಹಳ ಸೇರಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟೆ. ಕೀ ಆಫ್ ಇಟ್ಟು ಮೆಲ್ಲಗೆ ಕಿಕ್ ತುಳಿದೆ. ಪಿಸ್ಟನ್ ಮೇಲೆ ಕೆಳಗೆ ಆಡಿ ಗೋಡೆಗೆಲ್ಲ ಆಯಿಲ್ ಸವರಿತು. ಪ್ಲಗ್ ಮತ್ತೆ ಹಾಕಿದೆ. ಈಗ ಪಿಸ್ಟನ್ ಎಲ್ಲಿ ನಿಲ್ಲಬೇಕು? ಇದನ್ನು ಹೇಳಿದವರು ಅಪ್ಪ. ಬುಲೆಟ್ ಓಡಿಸಿದವರಿಗೆ ಕಾಲಿಗೇ ಗೊತ್ತಾಗುತ್ತದೆ: ಕಿಕ್ ಒಂದು ಕಡೆ ಬಂದು ಗಟ್ಟಿಯಾಗುತ್ತದೆ, ಅದು ಕಂಪ್ರೆಷನ್. ಅಲ್ಲಿ ಡಿಕಂಪ್ರೆಷನ್ ಲಿವರ್ ಒತ್ತಿ ಒಂದು ಚೂರು ಮುಂದೆ ತಳ್ಳಿ ಬಿಟ್ಟುಬಿಡಬೇಕು. ಆಗ ಪಿಸ್ಟನ್ ಮೇಲಿರುತ್ತದೆ, ಎರಡೂ ವಾಲ್ವ್ ಮುಚ್ಚಿರುತ್ತವೆ. ಸೈಲೆನ್ಸರ್ ಕಡೆಯಿಂದಾಗಲಿ ಕಾರ್ಬುರೇಟರ್ ಕಡೆಯಿಂದಾಗಲಿ ತೇವದ ಗಾಳಿ ಸಿಲಿಂಡರಿಗೆ ನುಗ್ಗುವುದಿಲ್ಲ. ಅಪ್ಪ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ತಮ್ಮನಿಗೆ ಹೇಳಿದಾಗ, ಅವನ ಗಾಡಿಗೆ ಕಿಕ್ಕೇ ಇಲ್ಲ ಅಂತ ಬೇಜಾರು ಮಾಡಿಕೊಂಡ.

ಚೈನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊದಲಾದರೆ ಚಿಮಣಿ ಎಣ್ಣೆಯಲ್ಲಿ ತಿಕ್ಕುತ್ತಿದ್ದೆವು. ಈಗ ಅದು ಸಿಗುವುದೇ ಕಷ್ಟ, ಡೀಸೆಲ್‌ನಲ್ಲಿ ತಿಕ್ಕಿ ಒರೆಸಿ 90 ನಂಬರ್ ಗೇರ್ ಆಯಿಲ್ ಸವರಿದೆ. ಕ್ಲಚ್, ಬ್ರೇಕ್ ಕೇಬಲ್‌ಗಳಿಗೆ ಮೇಲಿನಿಂದ ಆಯಿಲ್ ಬಿಟ್ಟೆ. ಇಗ್ನಿಷನ್ ಪಾಯಿಂಟ್ ನಡುವೆ ಗಟ್ಟಿ ಕಾಗದ ಎಳೆದು ಸ್ವಚ್ಛ ಮಾಡಿದೆ.

ತುಕ್ಕಿನ ವಿಷಯದಲ್ಲಿ ಮಾತ್ರ ತಮ್ಮನ ಪಾಠ ನನಗೆ ಬೇಕಾಗಲಿಲ್ಲ. ಉದ್ಯಮಬಾಗದಲ್ಲಿ ಮಷೀನ್ ಶಾಪ್‌ನಲ್ಲಿ ದುಡಿದವರಿಗೆ ಮಳೆಗಾಲ ಏನು ಅಂತ ಗೊತ್ತು. ಬೆಳಿಗ್ಗೆ ಕನ್ನಡಿಯಂತೆ ಗ್ರೈಂಡ್ ಆದ ಶಾಫ್ಟ್ ಮೇಲೆ ಸಂಜೆಗೆ ಐದು ಬೆರಳಿನ ಗುರುತು ಕೆಂಪಗೆ ಮೂಡಿರುತ್ತದೆ. ಕೈ ಬೆವರಿನಲ್ಲಿ ಉಪ್ಪಿರುತ್ತದಲ್ಲ, ಅದರ ಕೆಲಸ. ಯಾರು ಮುಟ್ಟಿದರು ಅಂತ ಜಗಳ ಆಗುತ್ತದೆ. ಅದಕ್ಕೆ ಮಾಲು ತಯಾರಾದ ಕೂಡಲೇ ಆರ್‌ಪಿ ಆಯಿಲ್‌ನಲ್ಲಿ ಅದ್ದಿ ತೆಗೆಯುತ್ತೇವೆ. ಈ ತುಕ್ಕು ತಡೆಯುವ ಆಯಿಲ್ ಮೇಣದಂಥ ತೆಳು ಪದರ ಬಿಡುತ್ತದೆ, ನೀರನ್ನು ದೂರ ತಳ್ಳುತ್ತದೆ. ಅಂಗಡಿಯಲ್ಲಿ ಅರ್ಧ ಲೀಟರ್ ಕೊಂಡು ತಂದೆ. ಕೈಗೆ ಗ್ಲೌಸ್ ಹಾಕಿಕೊಂಡು ಬ್ರಷ್ಷಿನಲ್ಲಿ ಕಡ್ಡಿ ಕಡ್ಡಿಗೂ ಬಳಿದೆ. ರಿಮ್, ಹ್ಯಾಂಡಲ್, ಸೈಲೆನ್ಸರ್, ಕ್ರ್ಯಾಶ್ ಗಾರ್ಡ್, ನಟ್ಟು ಬೋಲ್ಟಿನ ತಲೆ ಎಲ್ಲಕ್ಕೂ. ಬ್ರೇಕ್ ಡ್ರಮ್ಮಿನ ಸಂದಿಗೆ ಮತ್ತು ಟೈರಿಗೆ ತಾಗದಂತೆ ಮಾತ್ರ ನೋಡಿಕೊಂಡೆ. ಬ್ರೇಕ್ ಶೂಗೆ ಎಣ್ಣೆ ಮುಟ್ಟಿದರೆ ಆಮೇಲೆ ಗಾಡಿ ನಿಲ್ಲುವುದಿಲ್ಲ. ಟೈರಿನ ರಬ್ಬರಿಗೂ ಎಣ್ಣೆ ಆಗಿಬರುವುದಿಲ್ಲ.

ನಿಲ್ಲಿಸುವ ಜಾಗವನ್ನೂ ಬದಲಿಸಿದೆ. ಶೆಡ್ಡಿನ ನೆಲ ಶಹಾಬಾದಿ ಫರಸಿ. ಮಳೆಗಾಲದಲ್ಲಿ ಅದು ಬೆವರುತ್ತದೆ. ಅದರ ಮೇಲೆ ಹಳೆಯ ಹಲಗೆ ಹಾಸಿ ಸೆಂಟರ್ ಸ್ಟ್ಯಾಂಡ್ ಹಾಕಿದೆ. ಎಂಜಿನ್ ಕೆಳಗೆ ಕಟ್ಟಿಗೆ ತುಂಡು ಇಟ್ಟು ಮುಂದಿನ ಗಾಲಿಯನ್ನೂ ನೆಲದಿಂದ ಎತ್ತಿದೆ. ಭಾರ ಒಂದೇ ಕಡೆ ಬಿದ್ದರೆ ಟೈರು ಆ ಜಾಗದಲ್ಲಿ ಚಪ್ಪಟೆಯಾಗುತ್ತದೆ. ಗಾಳಿಯನ್ನು ಎಂದಿಗಿಂತ ತುಸು ಹೆಚ್ಚು ತುಂಬಿಸಿದೆ.

ಹೊದಿಕೆಗೆ ಅವ್ವ ಒಂದು ಹಳೆಯ ಕೌದಿ ತಂದುಕೊಟ್ಟಳು. ಬೇಡ ಅಂದರೆ ಸಿಟ್ಟು. ಕೌದಿ ತೇವ ಕುಡಿದು ಹಿಡಿದುಕೊಳ್ಳುತ್ತದೆ, ಮೇಲಾಗಿ ಇಲಿಗೆ ಅರಮನೆ ಕಟ್ಟಿಕೊಟ್ಟ ಹಾಗೆ. ತಾಡಪತ್ರಿಯಂತೂ ಬೇಡವೇ ಬೇಡ. ಮಳೆ ನೀರು ಒಳಗೆ ಬರುವುದಿಲ್ಲ ನಿಜ, ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ಬೆಳಿಗ್ಗೆ ಎತ್ತಿ ನೋಡಿದರೆ ಒಳಗಡೆ ಹನಿ ಹನಿ ಜೋತಿರುತ್ತವೆ. ಸೋರದ ಸೂರು ಇರುವಾಗ ಹೊದಿಕೆಯ ಕೆಲಸ ಧೂಳು ತಡೆಯುವುದು ಅಷ್ಟೇ. ತೆಳ್ಳಗಿನ ಹತ್ತಿ ಚಾದರ ಸಡಿಲಾಗಿ ಹೊದಿಸಿದೆ. ಕೆಳಗೆ ಗಾಳಿ ಆಡಲಿ ಅಂತ ಒಂದು ಗೇಣು ಬಿಟ್ಟೆ.

ಇಲಿ ಕಾಟ ಎಡ್ಮಂಟನ್‌ನಲ್ಲೂ ಇದೆಯಂತೆ, ಕೇಳಿ ಸಮಾಧಾನವಾಯಿತು. ಅಲ್ಲಿ ಹೊರಗೆ ಚಳಿ ಅಂತ ಒಳಗೆ ಬರುತ್ತವೆ, ಇಲ್ಲಿ ಬಿಲಕ್ಕೆ ನೀರು ನುಗ್ಗಿತು ಅಂತ ಬರುತ್ತವೆ. ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರ್ ಬಾಯಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿದೆ. ಅದನ್ನು ಇಲಿ ಕಡಿಯುವುದಿಲ್ಲ. ಮರೆತು ಹಾಗೇ ಸ್ಟಾರ್ಟ್ ಮಾಡಬಾರದು ಅಂತ ಎರಡಕ್ಕೂ ಕೆಂಪು ರಿಬ್ಬನ್ ಕಟ್ಟಿ ಹ್ಯಾಂಡಲ್ಲಿಗೆ ಸುತ್ತಿದೆ. ಸೀಟಿನ ಕೆಳಗೆ ನುಸಿಗುಳಿಗೆ ಇಟ್ಟೆ.

ಬ್ಯಾಟರಿ ಅಪ್ಪನ ಖಾತೆ. ಬಿಚ್ಚುವಾಗ ಮೈನಸ್ ತಂತಿ ಮೊದಲು, ಹಾಕುವಾಗ ಪ್ಲಸ್ ಮೊದಲು. ಸ್ಪ್ಯಾನರ್ ಎಲ್ಲಾದರೂ ಚಾಸಿಗೆ ತಾಗಿದರೆ ಕಿಡಿ ಹಾರಬಾರದು ಅನ್ನುವುದಕ್ಕೆ ಈ ಕ್ರಮ. ಸೀಸದ ಬ್ಯಾಟರಿ ಸುಮ್ಮನೆ ಇಟ್ಟರೂ ತಾನೇ ಇಳಿಯುತ್ತದೆ. ಇಳಿದು ಹಾಗೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ನಮ್ಮ ಬ್ಯಾಟರಿಗಳು ಸಾಯುತ್ತಿದ್ದದ್ದು ಹೀಗೆ. ತಮ್ಮನ ಊರಲ್ಲಿ ಇನ್ನೂ ಒಂದು ಭಯ: ಪೂರ್ತಿ ಚಾರ್ಜ್ ಇದ್ದ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯುತ್ತದೆ. ಆಸಿಡ್ ಎಲ್ಲ ಪ್ಲೇಟಿಗೆ ಸೇರಿ ಒಳಗೆ ಬರೀ ನೀರು ಉಳಿದಿರುತ್ತದಲ್ಲ, ಅದಕ್ಕೆ.

ಅಪ್ಪ ಒಂದು ಮಲ್ಟಿಮೀಟರ್ ತರಿಸಿಕೊಂಡರು. ಬ್ಯಾಟರಿಯನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟರು. ನೆಲದ ಮೇಲೆ ಇಟ್ಟರೆ ಕರೆಂಟ್ ಭೂಮಿಗೆ ಇಳಿಯುತ್ತದೆ ಅನ್ನುವುದು ಅವರ ನಂಬಿಕೆ. ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಅದು ಅನ್ವಯಿಸುವುದಿಲ್ಲ, ಆದರೆ ಗೂಡಿನಲ್ಲಿದ್ದರೆ ಮಕ್ಕಳ ಕೈಗೆ ಸಿಗುವುದಿಲ್ಲ ಅಂತ ನಾನು ಸುಮ್ಮನಾದೆ. ರವಿವಾರ ತಿಂಡಿ ಆದ ಮೇಲೆ ಚಸ್ಮಾ ಹಾಕಿಕೊಂಡು ವೋಲ್ಟ್ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವರು. 12.7 ಇದ್ದರೆ ಖುಷಿ. 12.4ಕ್ಕೆ ಬಂತೆಂದರೆ ಚಾರ್ಜರ್ ಹಚ್ಚುವರು. ಸಣ್ಣ ಬ್ಯಾಟರಿಗೆ ಕಾರಿನ ಚಾರ್ಜರ್ ಹಚ್ಚಿದರೆ ಕುದಿಯುತ್ತದೆ. ಬ್ಯಾಟರಿ ಮೇಲೆ ಬರೆದ ಆಂಪಿಯರ್ ಅವರ್‌ನ ಹತ್ತರಲ್ಲೊಂದು ಭಾಗ ಕೊಡುವ ಚಾರ್ಜರ್ ಸಾಕು. ಮನೆಗೆ ಬಂದವರಿಗೆಲ್ಲ ಅಪ್ಪ ಆ ಕ್ಯಾಲೆಂಡರ್ ತೋರಿಸಿದರು. ಬಂದವರು ಚಹಾ ಕುಡಿದು ಹೋಗುವುದರೊಳಗೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವುದು ಎಷ್ಟು ತಪ್ಪು ಅನ್ನುವ ಭಾಷಣವೂ ಆಗಿರುತ್ತಿತ್ತು.

ಕಾಗದಪತ್ರದ ಒಂದು ಮಾತು. ಕೆನಡಾದಲ್ಲಿ ಗಾಡಿ ಒಳಗಿರುವಾಗ ಇನ್ಶೂರೆನ್ಸ್ ಕಡಿಮೆ ಮಾಡಿಸಿಕೊಳ್ಳಬಹುದಂತೆ. ನಮ್ಮಲ್ಲಿ ಆ ಆಸೆ ಬೇಡ. ನಡುವೆ ಪಾಲಿಸಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ತಾರೀಖು ಮಳೆಗಾಲದಲ್ಲಿ ಬೀಳುವುದಿದ್ದರೆ ಮೊದಲೇ ಮುಗಿಸಿ ಗಾಡಿ ಒಳಗೆ ಹಾಕುವುದು ಒಳ್ಳೆಯದು. ತಪಾಸಣೆಗೆ ಗಾಡಿಯನ್ನೇ ಒಯ್ಯಬೇಕಾಗುತ್ತದೆ.

ಗಣಪತಿ ಕಳೆಯಿತು, ಉತ್ತರಿ ಮಳೆ ಹೋಯಿತು. ಹಸ್ತ ಒಂದಿಷ್ಟು ಗುಡುಗಿ ಬಿಟ್ಟಿತು. ಖಂಡೇ ಪೂಜೆಗೆ ಮುಂಚಿನ ರವಿವಾರ ಚಾದರ ತೆಗೆದೆವು. ಕ್ರೋಮ್ ಮೇಲೆ ಧೂಳು ಅಂಟಿತ್ತು, ಅದರ ಕೆಳಗೆ ಹೊಳಪು ಹಾಗೇ ಇತ್ತು. ಚಿಂದಿಗೆ ಸ್ವಲ್ಪ ಡೀಸೆಲ್ ಹಾಕಿ ಒರೆಸಿದರೆ ಆರ್‌ಪಿ ಆಯಿಲ್ ಬಂದುಬಿಟ್ಟಿತು. ಹಿಂದಿನ ಮಡ್‌ಗಾರ್ಡಿನ ಒಳಗೆ, ನನ್ನ ಬ್ರಷ್ ಮುಟ್ಟದ ಕಡೆ, ಅಂಗೈ ಅಗಲ ತುಕ್ಕು ಇತ್ತು. ಇಲಿ ಬಂದ ಗುರುತು ಶೆಡ್ಡಿನ ಮೂಲೆಯಲ್ಲಿತ್ತು, ಗಾಡಿಯಲ್ಲಿ ಇರಲಿಲ್ಲ.

ಹಳೆಯ ಬೀಡಿನ ಬುಲೆಟ್ ಇದ್ದವರು ಇಲ್ಲಿ ಅವಸರ ಮಾಡಬಾರದು. ಈ ಎಂಜಿನ್ನಿನಲ್ಲಿ ಆಯಿಲ್‌ಗೆ ಒಳಗೇ ಒಂದು ಬೇರೆ ಟ್ಯಾಂಕ್ ಇದೆ. ಗಾಡಿ ಬಹಳ ದಿನ ನಿಂತರೆ ಆಯಿಲ್ ಪಂಪಿನ ಸಂದಿನಿಂದ ಮೆಲ್ಲಗೆ ಎಂಜಿನ್ನಿನ ತಳದ ಗುಂಡಿಗೆ, ಅಂದರೆ ಸಂಪ್‌ಗೆ, ಇಳಿದುಬಿಡುತ್ತದೆ. ಮೇಲಿನಿಂದ ನೋಡಿದರೆ ಆಯಿಲ್ ಕಡಿಮೆಯಾಗಿದೆ ಅನ್ನಿಸುತ್ತದೆ. ಕಡಿಮೆಯಾಗಿದೆ ಅಂತ ಮತ್ತೆ ತುಂಬಿಸಿ ಕಿಕ್ ಹೊಡೆದರೆ ಬ್ರೀದರ್ ಪೈಪಿನಿಂದ ಆಯಿಲ್ ಉಗುಳುತ್ತದೆ, ಓಣಿ ತುಂಬ ಹೊಗೆ. ಸಂಪಿನ ಡ್ರೈನ್ ಬೋಲ್ಟ್ ಬಿಚ್ಚಿ ಇಳಿದ ಆಯಿಲನ್ನು ಸ್ವಚ್ಛ ಡಬ್ಬಿಗೆ ಹಿಡಿದು, ಮತ್ತೆ ಮೇಲಿನಿಂದ ಹಾಕಿದೆವು. ಹೊಸ ಆಯಿಲ್ಲೇ ಆದ್ದರಿಂದ ಬದಲಿಸುವ ಅಗತ್ಯವಿರಲಿಲ್ಲ.

ಟ್ಯಾಂಕನ್ನು ಸ್ವಲ್ಪ ಪೆಟ್ರೋಲ್‌ನಲ್ಲಿ ಕುಲುಕಿ ತೊಳೆದು, ತಾಜಾ ಪೆಟ್ರೋಲ್ ಹಾಕಿದೆವು. ಸ್ಟೀಲ್ ನಾರು ತೆಗೆದೆವು. ಕ್ಲಚ್ ಹಿಡಿದು ಕಿಕ್ ತುಳಿದು, ಅಂಟಿಕೊಂಡ ಕ್ಲಚ್ ಪ್ಲೇಟ್ ಬಿಡಿಸಿದೆವು. ಕೀ ಹಾಕದೆ ಡಿಕಂಪ್ರೆಷನ್ ಒತ್ತಿ ಹಲವು ಸಲ ಕಿಕ್ ತುಳಿದೆವು, ಆಯಿಲ್ ಮೇಲೆ ಹತ್ತಲಿ ಅಂತ. ಆಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ನಿಂತರು. ಆಂಪಿಯರ್ ಮೀಟರಿನ ಮುಳ್ಳು ನಡುವೆ ಬರುವವರೆಗೆ ಕಿಕ್ ಇಳಿಸಿ ಹೊಡೆದರು. ಮೂರನೆಯ ಕಿಕ್ಕಿಗೆ ಶುರುವಾಯಿತು. ಸಿಲಿಂಡರಿಗೆ ಹಾಕಿದ್ದ ಆಯಿಲ್ ಸುಟ್ಟು ಸ್ವಲ್ಪ ಹೊತ್ತು ನೀಲಿ ಹೊಗೆ ಬಂತು, ಆಮೇಲೆ ಸರಿಹೋಯಿತು. ಮಿಸ್ತ್ರಿ ಕಾಕಾನ ಅಂಗಡಿಗೆ ಈ ಸಲ ಹೋದದ್ದು ಪೇಡೆ ಕೊಡಲು.

ಹಿಂದಿನ ಬ್ರೇಕ್ ಮಾತ್ರ ಮೊದಲ ಕೆಲವು ದಿನ ಕಿರುಗುಟ್ಟಿತು. ಡ್ರಮ್ ಒಳಗೆ ತೆಳ್ಳಗೆ ತುಕ್ಕು ಹಿಡಿದಿರುತ್ತದೆ, ನಾಲ್ಕು ಸಲ ಬ್ರೇಕ್ ಹಾಕಿದರೆ ತಾನೇ ತಿಕ್ಕಿಹೋಗುತ್ತದೆ. ಅಲ್ಲಿಯವರೆಗೆ ಕಾಂಗ್ರೆಸ್ ರಸ್ತೆಯ ಗದ್ದಲಕ್ಕೆ ಒಯ್ಯದೆ, ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದೆ.